ಮಾಮಾನ ಒಂಟಿ ಸೀನು

1994ರ ಬೇಸಿಗೆಯಲ್ಲಿ ಚಿಂಚೋಳಿಯ ಒಂದು ಮನೆಯ ಪಡಸಾಲೆಯಲ್ಲಿ ನನ್ನ ಸೋದರಮಾವ ಒಂದು ಸಲ ಸೀನಿದರು. ಅದರಿಂದ ಒಂದು ಮದುವೆ ನಿಂತಿತು. ಮದುವೆ ಅವರದೇ ಆಗಿತ್ತು.

ಇಷ್ಟು ಸುದ್ದಿ. ಇನ್ನು ಹಿನ್ನೆಲೆ.

ಸೇಡಂನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಮ್ಮ ಮಾಮಾನಷ್ಟು ಶುಭಕಾರ್ಯಗಳಿಗೆ ಅಡ್ಡ ಬಂದ ಸಾಧುಮನುಷ್ಯ ನಮ್ಮ ಭಾಗದಲ್ಲಿ ಇನ್ನೊಬ್ಬರಿಲ್ಲ. ಕೈಯಿಂದಲ್ಲ, ಬಾಯಿಂದಲ್ಲ; ಮೂಗಿನಿಂದ! ನಮ್ಮ ಕಡೆ ಸೀನಿಗೊಂದು ಶಾಸ್ತ್ರವಿದೆ. ಒಳ್ಳೆಯ ಕೆಲಸಕ್ಕೆ ಹೊರಟಾಗ, ಮಾತು ಪಕ್ಕಾ ಮಾಡುವಾಗ ಯಾರಾದರೂ ಒಂದು ಸಲ ಸೀನಿದರೆ ಅಪಶಕುನ. ಎರಡು ಸೀನು ಕೂಡಿ ಬಂದರೆ ಶುಭ. ಧೂಳಿನ ಅಲರ್ಜಿ ಇರುವವರಿಗೆ ಸೀನು ಸಾಲುಗಟ್ಟಿ ಬರುತ್ತವೆ, ಹಾಗಾಗಿ ಅವರು ಹೇಗೋ ಪಾಸಾಗಿಬಿಡುತ್ತಾರೆ. ಮಾಮಾನಿಗೆ ಬರುವುದು ಒಂದೇ ಒಂದು. ಆದರೆ ಎಂಥ ಒಂದು! ಮೊದಲು ಮೂಗಿನ ತುದಿ ನಡುಗುತ್ತದೆ. ಹುಬ್ಬು ಮೇಲೇರುತ್ತದೆ. ಬಲಗೈ ಪಕ್ಕದವರ ಭುಜ ಹುಡುಕುತ್ತದೆ. ಆಮೇಲೆ ಶಹಾಬಾದದ ಖಣಿಯಲ್ಲಿ ಮದ್ದು ಹಾರಿಸಿದಂಥ ಸದ್ದು. ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಗುತ್ತದೆ. ಮುಗಿಯಿತು. ಇನ್ನೊಂದು ಬೇಕೆಂದರೆ ಸಂಜೆಯವರೆಗೆ ಕಾಯಬೇಕು.

ಇಂಥ ಮೂಗು ಹೊತ್ತವರು ಸೇಡಂನಲ್ಲಿ ಬದುಕಬೇಕೆ? ಒಂದು ಕಡೆ ಸಿಮೆಂಟಿನ ಧೂಳು, ಇನ್ನೊಂದು ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳು, ನಡುವೆ ಬೇಳೆ ಮಿಲ್ಲುಗಳಿಂದ ಹಾರಿ ಬರುವ ತೊಗರಿ ಹೊಟ್ಟು!

ಚಿಂಚೋಳಿಯ ಆ ಮನೆಯಲ್ಲಂತೂ ತೊಗರಿಯ ಚೀಲಗಳನ್ನು ಪಡಸಾಲೆಯಲ್ಲೇ ಒಟ್ಟಿದ್ದರು. ಬೀಗರಾಗಬೇಕಾಗಿದ್ದವರು ಪ್ರೀತಿಯಿಂದ ಮಾಮಾನನ್ನು ಆ ಚೀಲಗಳಿಗೇ ಒರಗಿಸಿ ಕೂಡಿಸಿದರು. ಹುಡುಗಿ ಬಂದಳು, ಚಹಾ ಕೊಟ್ಟು ಒಳಗೆ ಹೋದಳು. ಎರಡೂ ಕಡೆ ಒಪ್ಪಿಗೆ ಇತ್ತು. ಹುಡುಗಿಯ ಅಜ್ಜ ಮಾತು ಪಕ್ಕಾ ಮಾಡಲು ಸಕ್ಕರೆಯ ತಾಟು ಎಳೆದುಕೊಂಡು, "ಹಂಗಾದ್ರ ಸಕ್ರಿ ಹಂಚೂಣೇನ್ರಿ?" ಎಂದರು. ಆಗ ಮಾಮಾ ಸೀನಿದರು.

ಅಜ್ಜನ ಕೈ ಸಕ್ಕರೆಯ ತಾಟಿನ ಮೇಲೆಯೇ ನಿಂತಿತು.

"ಒಂಟಿ," ಎಂದರು.

"ತಡೀರಿ, ಇನ್ನೊಂದು ಬರ್ತದ," ಎಂದಳು ನಮ್ಮ ಅಜ್ಜಿ, ಅಂದರೆ ಮಾಮಾನ ತಾಯಿ. ಎಲ್ಲರೂ ಕಾದರು. ಚಹಾ ಆರಿತು. ಬರಲಿಲ್ಲ.

"ಏ, ಇನ್ನೊಂದು ಸೀನೋ! ಒಂದ ಒಂದು!"

"ಹೆಂಗ ಸೀನಲೆವ್ವ? ಬರಬೇಕಲ್ಲ!"

ಹುಡುಗಿಯ ಅಜ್ಜ ಒಳ್ಳೆಯವರು. ಸೊಂಟದಿಂದ ನಶ್ಯದ ಡಬ್ಬಿ ತೆಗೆದು, "ತೊಗೋರಿ, ಜರಾ ಏರಿಸ್ರಿ. ಜೋಡಿ ಆಗಲಿ," ಎಂದು ಮುಚ್ಚಳ ಬಿಚ್ಚಿದರು. ಬೆಳಗಿನಿಂದ ಹೋಗಿದ್ದ ಕರೆಂಟು ಅದೇ ಗಳಿಗೆಗೆ ಬರಬೇಕೆ! ತಲೆಯ ಮೇಲಿನ ಫ್ಯಾನು ತಿರುಗಿತು. ಅಜ್ಜ ಸೀನಿದರು. ಹುಡುಗಿಯ ತಂದೆ ಸೀನಿದರು. ನಮ್ಮಪ್ಪ, ನಮ್ಮಜ್ಜಿ, ಕಪ್ಪು ಒಯ್ಯಲು ಬಂದಿದ್ದ ಮನೆಯ ಸೊಸೆ, ನಾನು, ಎಲ್ಲರೂ ಸೀನಿದೆವು. ಎಲ್ಲರದ್ದೂ ತಮ್ಮತಮ್ಮಲ್ಲೇ ಜೋಡಿ, ಮಾಮಾನ ಒಂಟಿಗೆ ಜೊತೆಯಾಗಲು ಒಂದೂ ಉಳಿಯಲಿಲ್ಲ! ಮಾಮಾ ಒಬ್ಬರೇ ಒಣ ಮೂಗು ಹೊತ್ತು ನಮ್ಮ ಮುಖಗಳನ್ನು ನೋಡುತ್ತ ಕೂತಿದ್ದರು.

ಬೇರೆಯವರಾಗಿದ್ದರೆ ಹಣೆಬರಹ ಎನ್ನುತ್ತಿದ್ದರು, ಇಲ್ಲವೇ ಇನ್ನೊಂದು ಹೆಣ್ಣು ನೋಡುತ್ತಿದ್ದರು. ಮಾಮಾ ಎರಡನ್ನೂ ಮಾಡಲಿಲ್ಲ. ಮರಳುವ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: "ಸೀನಿದ್ದು ನಾ ಅಲ್ಲ. ಸೀನಿಸಿದವ ಯಾವ ಅದಾನ, ಅವನ್ನ ಹುಡುಕ್ತೀನಿ."

ನಾವು ನಕ್ಕೆವು. ಅವರು ಹುಡುಕಲು ಹೊರಟೇಬಿಟ್ಟರು! ರಜೆ ಬಂತೆಂದರೆ ಸೇಡಂನಲ್ಲಿ ರೈಲು ಹತ್ತಿ ಹೈದರಾಬಾದಿಗೆ. ಅಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ಮೂಗಿಗೆ ಟಾವೆಲ್ಲು ಸುತ್ತಿಕೊಂಡು ವಿಜ್ಞಾನ ಪತ್ರಿಕೆಗಳನ್ನು ಓದುವುದು. ಹಳೆಯ ಪುಸ್ತಕಗಳ ಧೂಳು ಟಾವೆಲ್ಲನ್ನು ಕೇಳುತ್ತದೆಯೇ? ಓದುವ ಕೋಣೆಯ ನಿಶ್ಶಬ್ದದಲ್ಲಿ ಮಾಮಾನ ಸೀನು ಹಾರಿತಂತೆ. ಹೊರಗೆ ಕಳಿಸಿದ ಗ್ರಂಥಪಾಲಕರಿಗೆ ಮಾಮಾ ಹೇಳಿದರಂತೆ: "ನಾ ಓದಾಕ ಬಂದಿದ್ದ ಇದರ ಬಗ್ಗೆ ಅದರಿ. ಪಾಠದಾಗಿನ ಪ್ರಯೋಗ ಅಂತ ತಿಳ್ಕೋರಿ!"

ಅವರು ಕಂಡುಕೊಂಡದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಸಹಾಯಕ ಟಿ ಕೋಶಗಳು ಎಂಬ ಒಂದು ವರ್ಗವಿದೆ. ಅವು ತಾವು ಹೊಡೆದಾಡುವುದಿಲ್ಲ. ಯಾರು ಹೊಡೆದಾಡಬೇಕೆಂದು ಉಳಿದವರಿಗೆ ಹೇಳುತ್ತವೆ. ಮೊದಮೊದಲು ಅವು ಎಳಸು, ತಮ್ಮ ಕೆಲಸ ಯಾವುದೆಂದು ಅವಕ್ಕೇ ಗೊತ್ತಿರುವುದಿಲ್ಲ. ಶತ್ರುವಿನ ಗುರುತು ಸಿಕ್ಕ ಮೇಲೆ ಒಂದೊಂದು ದಾರಿ ಹಿಡಿಯುತ್ತವೆ. ಒಂದು ಬಣ ಕ್ಷಯದಂಥ, ಕೋಶದೊಳಗೇ ಅಡಗಿ ಕೂಡುವ ರೋಗಾಣುಗಳ ಬೇಟೆಗೆ ಹೋಗುತ್ತದೆ. ಇನ್ನೊಂದು ಬಣದ ಕೆಲಸ ಹೊಟ್ಟೆಯ ಹುಳು ಓಡಿಸುವುದು. ಈ ಎರಡನೆಯ ಬಣ ತೊಗರಿ ಹೊಟ್ಟನ್ನೇ ಹುಳು ಎಂದು ತಿಳಿದು ಗದ್ದಲ ಎಬ್ಬಿಸಿದರೆ ಅದೇ ಅಲರ್ಜಿ. ಹಾಗಾದರೆ ಒಂದೇ ಕೋಶ ಈ ದಾರಿ ಬಿಟ್ಟು ಆ ದಾರಿ ಹಿಡಿಯುವಂತೆ ಮಾಡುವವರು ಯಾರು? ಮಾಮಾ ಹುಡುಕುತ್ತಿದ್ದ ಆಸಾಮಿ ಅವನೇ.

ಆಗ ಮಾಮಾ ವಾರಕ್ಕೆರಡು ದಿನ ಶಹಾಬಾದದ ಕಾಲೇಜಿಗೂ ಪಾಠಕ್ಕೆ ಹೋಗುತ್ತಿದ್ದರು. ಸಂಜೆ ಪ್ಯಾಸೆಂಜರಿನಲ್ಲಿ ವಾಡಿ ದಾಟಿ ಸೇಡಂಗೆ ಬರುವುದು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಸಿಗ್ನಲ್ಲಿಗೆ ಕಾಯುವಷ್ಟು ಹೊತ್ತು ರೈಲಿನ ಡಬ್ಬಿಯೇ ತರಗತಿ! ಶಹಾಬಾದದ ಕಚೇರಿಯೊಂದರಿಂದ ಚಿತ್ತಾಪುರಕ್ಕೆ ಮರಳುವ ಗುಮಾಸ್ತರೊಬ್ಬರು ಖಾಯಂ ವಿದ್ಯಾರ್ಥಿ.

"ಈಗ ನಾವು ಎಲ್ಲಿದ್ದೀವ್ರಿ?" ಎಂದು ಮಾಮಾ ಶುರು ಮಾಡುತ್ತಿದ್ದರು.

"ವಾಡಿಯೊಳಗರಿ ಸರ್. ಅಲ್ಲೇ ಕುಂತೀವಿ, ಏಳವಲ್ದು ಗಾಡಿ."

"ಹಿಂಗ ಹೋದ್ರ ಚಿತ್ತಾಪುರ, ಸೇಡಂ, ಸಿಕಂದರಾಬಾದ. ಹಂಗ ಹೋದ್ರ ಯಾದಗಿರಿ, ರಾಯಚೂರ. ಗಾಡಿ ಅದೇ, ಡಬ್ಬಿ ಅವೇ, ಕುಂತವರು ನಾವೇ. ಎಲ್ಲಿ ಹೋಗಬೇಕಂತ ಯಾರು ಠರಾಸ್ತಾರ?"

"ಡ್ರೈವರ್ ರೀ."

"ಡ್ರೈವರನ ಕೈಯಾಗ ಸ್ಟೇರಿಂಗ್ ಅದ ಏನ್ರಿ? ಹಳಿ ಹೊರಳಸಾಂವ! ಪಾಯಿಂಟ್ಸ್‌ಮನ್! ಅವಂಗ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅಂತಾರ. ಹಳಿ ಎಲ್ಲಾ ಕಡೆ ಹಾಸೇ ಇರ್ತಾವ. ಅಂದ್ರ ಜೀನ್ಸ್ ಎಲ್ಲಾ ಕೋಶದಾಗೂ ಅವೇ ಇರ್ತಾವ. ಈ ಪ್ರೋಟೀನು ಹೋಗಿ ಡಿಎನ್‌ಎ ಮ್ಯಾಲ ಕುಂತು, ಯಾವ ಜೀನ್ ತೆರೀಬೇಕು, ಯಾವುದು ಮುಚ್ಚಬೇಕು ಅಂತ ಹೇಳ್ತದ."

"ಅವಂಗ ಯಾರ್ ಹೇಳ್ತಾರ್ರಿ?"

"ಕಂಟ್ರೋಲ್ ರೂಮಿನಿಂದ ಫೋನ್ ಬರ್ತದಲ್ರಿ? ಅದು ಸೈಟೊಕೈನ್."

"ಎರಡೂ ಕಡೆ ಒಮ್ಮೆಲೆ ಹೊರಳಿಸಿದ್ರ?"

"ಬರಂಗಿಲ್ಲ! ಈ ಕಡೆ ತೆರದ್ರ ಆ ಕಡೆ ಮುಚ್ಚತದ. ಒಬ್ಬ ಕುಂತ್ರ ಇನ್ನೊಬ್ಬಗ ಜಾಗ ಕೊಡಂಗಿಲ್ಲ."

ಗುಮಾಸ್ತರು ಯೋಚಿಸಿದರು. "ಸರ್, ನಿಮ್ಮ ಕೋಶ ಯಾವ ಲೈನಿಗೆ ಹೋಗ್ತಾವ್ರಿ?"

"ನನ್ನವು ಎಲ್ಲಾ ಸೇಡಂ ಲೈನಿಗೇ ಬರ್ತಾವ್ರಿ! ಒಂದರ ರಾಯಚೂರಿಗೆ ಹೋಗವಲ್ದು," ಎಂದು ಮಾಮಾ ಸೀನಿದರು. ಸಿಗ್ನಲ್ ಬಿತ್ತು. ಗಾಡಿ ಹೊರಟಿತು! ಅಂದಿನಿಂದ ವಾಡಿಯಲ್ಲಿ ಗಾಡಿ ತಡೆದಾಗಲೆಲ್ಲ ಡಬ್ಬಿಯ ಜನ ಮಾಮಾನ ಕಡೆ ತಿರುಗಿ, "ಸರ್, ಜರಾ ಒಂದು ಸೀನ್ರಿ," ಎನ್ನತೊಡಗಿದರು. ಇಡೀ ನಾಡಿನಲ್ಲಿ ಅವರ ಒಂಟಿ ಸೀನಿಗೆ ಮರ್ಯಾದೆ ಇದ್ದದ್ದು ಆ ಒಂದು ಡಬ್ಬಿಯಲ್ಲಿ.

ಇದೇ ಪಾಠವನ್ನು ಕಾಲೇಜಿನಲ್ಲೂ ಮಾಡಿದ್ದರಿಂದ ಒಂದು ಅನಾಹುತವೂ ಆಯಿತು. ಮಾಮಾನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ, "ಸಹಾಯಕ ಟಿ ಕೋಶಗಳು ವಾಡಿಯಲ್ಲಿ ಎರಡು ಬಗೆಯಾಗಿ ಒಡೆಯುತ್ತವೆ" ಎಂದು ಬರೆದುಬಂದ. ಮಾಮಾ ಸ್ಟಾಫ್ ರೂಮಿನಲ್ಲಿ ತಲೆಯ ಮೇಲೆ ಕೈಯಿಟ್ಟುಕೊಂಡರು: "ದುಗ್ಧಗ್ರಂಥಿಯೊಳಗೋ ಹುಚ್ಚಪ್ಪಾ, ದುಗ್ಧಗ್ರಂಥಿಯೊಳಗ!" ಹುಡುಗ ಹೆದರಿ, "ಸರ್, ಅದು ಯಾವ ಸ್ಟೇಷನ್ ಆದಮ್ಯಾಲ ಬರ್ತದರಿ?" ಎಂದನಂತೆ.

ಪಾಯಿಂಟ್ಸ್‌ಮನ್ ಇರಲೇಬೇಕು, ಆದರೆ ಅವನ ಹೆಸರು ಗೊತ್ತಿಲ್ಲ ಎಂಬ ಸ್ಥಿತಿ ಕೆಲವು ವರ್ಷ ನಡೆಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಭಾನುವಾರ ಮಾಮಾ ಚಿತ್ತಾಪುರದ ನಮ್ಮ ಮನೆಗೆ ಪೇಢೆಯ ಡಬ್ಬಿ ಹಿಡಿದು ಬಂದರು. ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಸಿಕ್ತು!" ಎಂದರು.

ನಮ್ಮವ್ವನ ಕಣ್ಣಲ್ಲಿ ನೀರು. "ಯಾವ ಊರ ಹೆಣ್ಣೋ?"

"ಹೆಣ್ಣಲ್ಲಕ್ಕಾ, ಗಾಟಾ-ತ್ರೀ! ಸೀನಸಾಂವ!"

ಅವ್ವ ಬಾಯಿಗೆ ಹಾಕಿಕೊಳ್ಳಲಿದ್ದ ಪೇಢೆಯನ್ನು ಡಬ್ಬಿಗೆ ಮರಳಿಸಿದಳು. ಎರಡು ಸಾವಿರದ ಇಸವಿಯ ಸುಮಾರಿಗೆ ಎದುರು ಲೈನಿನವನ ಹೆಸರೂ ಗೊತ್ತಾಯಿತು, ಟಿ-ಬೆಟ್. ಮತ್ತೆ ಪೇಢೆ. "ಟಿ-ಬೆಟ್ ಬಂದ್ರ ಗಾಟಾನ ಬಾಯಿ ಬಂದ್. ಗಾಟಾ ಬಂದ್ರ ಟಿ-ಬೆಟ್ಟನ ಬಾಯಿ ಬಂದ್," ಎಂದು ಮಾಮಾ ವಿವರಿಸಿದರು. ಅವ್ವ ಒಳಗಿನಿಂದಲೇ, "ನಾನೂ ನಮ್ಮ ನೆಗೆಣ್ಣಿನೂ ಇದ್ದಂಗ ಅನ್ನು!" ಎಂದು ತನ್ನ ಓರಗಿತ್ತಿಯನ್ನು ನೆನೆದಳು. ರೋಗನಿರೋಧದ ಈ ಅಧ್ಯಾಯ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾದದ್ದು ಆಗಲೇ.

ಇನ್ನು ಕೆಲವು ವರ್ಷಕ್ಕೆ ಗದ್ದಲವನ್ನೇ ಅಡಗಿಸುವ ಮೂರನೆಯ ಬಣದ ಪಾಯಿಂಟ್ಸ್‌ಮನ್ ಕೂಡ ಸಿಕ್ಕ. ಫಾಕ್ಸ್-ಪಿ-ತ್ರೀ ಎಂದು ಅವನ ಹೆಸರು. ಗಾಡಿಯನ್ನು ಸುಮ್ಮನೆ ಸೈಡಿಂಗಿಗೆ ಹಾಕಿ ನಿಲ್ಲಿಸುವವನು. ಅಜ್ಜಿ ಕೇಳಿದಳು: "ಅಷ್ಟು ಶಾಣ್ಯಾ ಇದ್ದಾಂವ ನಿನ್ನ ಮೈಯಾಗ ಇಲ್ಲೇನೋ?"

"ಅದಾನವ್ವ. ರಜಾ ಮ್ಯಾಲ ಅದಾನ."

"ಅದೆಲ್ಲಾ ಇರ್ಲಿ. ಒಂದ ಯಾಕ ಸೀನತಿ, ಅದನ್ನ ಹೇಳು."

"ಅದು ಇನ್ನೂ ಯಾರಿಗೂ ಗೊತ್ತಿಲ್ಲವ್ವ," ಎಂದರು ಮಾಮಾ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ಎಂದೂ ಸಂಕೋಚವಿರಲಿಲ್ಲ.

ಇಷ್ಟೆಲ್ಲ ತಿಳಿದವರು ಶಕುನ ನಂಬುವ ಜನರನ್ನು ಹೀಯಾಳಿಸಬಹುದಿತ್ತು. ಒಂದು ದಿನವೂ ಹೀಯಾಳಿಸಲಿಲ್ಲ. ಓಣಿಯ ಹುಡುಗಿ ಪರೀಕ್ಷೆಗೆ ಹೊರಟಿದ್ದಾಳೆ, ಎದುರುಮನೆಯವರು ಹೊಸ ಮನೆಗೆ ಸಾಮಾನು ಒಯ್ಯುತ್ತಿದ್ದಾರೆ ಎಂದು ಗೊತ್ತಾದರೆ ತಾವೇ ಎದ್ದು ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರಿಗೆ ನಂಬಿಕೆ ಇರಲಿಲ್ಲ. ನಂಬುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಮಾತ್ರ ಗೊತ್ತಿತ್ತು. ನನಗೆ ಅವರ ಎಲ್ಲ ಪಾಠಗಳಿಗಿಂತ ಆ ಮುಚ್ಚಿದ ಹಿತ್ತಲ ಬಾಗಿಲು ದೊಡ್ಡದಾಗಿ ಕಂಡಿದೆ.

ನನ್ನ ತಂಗಿ ವಾರಿಜಾ ಪಿಯುಸಿಯಿಂದ ಮುಂದಕ್ಕೆ ಬೆಳೆದದ್ದು ಈ ಮಾಮಾನ ಮನೆಯಲ್ಲಿ. ಜೀವಶಾಸ್ತ್ರ ಕಲಿಸಿದವರು, ಎಂ.ಎಸ್ಸಿ.ವರೆಗೆ ಬೆನ್ನು ಹತ್ತಿ ಓದಿಸಿದವರು ಅವರು. ಇಬ್ಬರೂ ಬೇಳೆ ಮಿಲ್ಲಿನ ಗಲ್ಲಿ ದಾಟಿ ಕಾಲೇಜಿಗೆ ನಡೆದುಹೋಗುತ್ತಿದ್ದರು. ಮಾಮಾ ಗಲ್ಲಿಯ ಮೊದಲಿಗೇ ಸೀನುತ್ತಿದ್ದರು. ವಾರಿ ಹೊಟ್ಟಿನ ಮೋಡದಲ್ಲಿ ಹಾಡು ಗುನುಗುತ್ತ ಹೋಗುತ್ತಿದ್ದಳು. ಮಾಮಾ ಕುತೂಹಲಕ್ಕೆ ಅವಳ ಮೂಗಿನೆದುರು ಮೆಣಸಿನಕಾಯಿ ಒಗ್ಗರಣೆ ಹಿಡಿದರು, ಕೋಳಿಪುಕ್ಕ ಆಡಿಸಿದರು, ನಶ್ಯ ಕೂಡ ಹಾಕಿ ನೋಡಿದರು. ಊಹೂಂ!

"ಇದು ಮೂಗಲ್ಲ, ಶಹಾಬಾದ ಫರಸಿ!" ಎಂದು ಸೋಲೊಪ್ಪಿಕೊಂಡರು.

2006ರ ಬೇಸಿಗೆಯಲ್ಲಿ ವಾರಿಯ ಮದುವೆ ಗೊತ್ತಾಯಿತು. ಗಂಡು ಶಹಾಬಾದದವನು, ಮದುವೆ ಚಿತ್ತಾಪುರದಲ್ಲಿ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತಂದು, ಅಂತರಪಟ ಸರಿಯುವವರೆಗೆ ಅವಳ ಬೆನ್ನ ಹಿಂದೆ ನಿಲ್ಲುವವನು ಸೋದರಮಾವ. ನಿಲ್ಲಲು ಮಾಮಾನಿಗಿಂತ ಹಕ್ಕುದಾರರು ಯಾರಿದ್ದರು? ಆದರೆ ಹೆಣ್ಣಿನ ಬೆನ್ನ ಹಿಂದೆ, ಮುಹೂರ್ತದ ಗಳಿಗೆಯಲ್ಲಿ, ಆ ಮೂಗು!

ನಮ್ಮ ದೊಡ್ಡ ಕಾಕಾ, ಅಪ್ಪನ ಅಣ್ಣ, ಹಿರಿಯರ ಬೈಠಕ್ಕಿನಲ್ಲಿ ಗಂಟಲು ಸರಿಮಾಡಿಕೊಂಡರು. "ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ಬೀಗತಿ ಭಾಳ ಶಕುನ ನೋಡಾಕಿ ಅದಾರ. ಅಕ್ಕಿಕಾಳ ಬೀಳೋ ಹೊತ್ತಿನ್ಯಾಗ ಒಂಟಿ ಸೀನ ಆದ್ರ ಪೋರಿ ಜನ್ಮ ಪೂರ್ತಿ ಮಾತ ಕೇಳಬೇಕಾಗ್ತದ. ನೀವೊಂದು ಗುಳಿಗಿ ನುಂಗ್ರಲ್ಲ."

ಗುಳಿಗೆಯ ಇತಿಹಾಸ ಎಲ್ಲರಿಗೂ ಗೊತ್ತಿತ್ತು. ಹಿಂದೆ ಒಂದು ಮುಂಜಿವೆಗೆ ಮಾಮಾ ಸೀನಿನ ಗುಳಿಗೆ ನುಂಗಿ ಬಂದವರು ಹೂರಣ ಕಟ್ಟುವ ಕೋಣೆಯಲ್ಲಿ ಬೆನ್ನು ಚಾಚಿ, ಮುಂಜಿವೆ ಮುಗಿದು, ಪಂಕ್ತಿ ಎದ್ದು, ಪಾತ್ರೆ ತೊಳೆಯುವ ಸದ್ದಿಗೆ ಕಣ್ಣು ಬಿಟ್ಟಿದ್ದರು.

"ಗುಳಿಗಿ ಒಲ್ಲೆರಿ," ಎಂದರು ಮಾಮಾ. "ವಾರಿ ಮದುವಿ ನಾ ಎಚ್ಚರಿದ್ದು ನೋಡಬೇಕು. ಅಕ್ಕಿಕಾಳ ಬೀಳೂ ಮುಂದ ಬೇರೆ ಯಾರರೆ ನಿಂದರ್ಲಿ. ನಾ ಅಡಗಿಮನಿ ಹಿಂದ ಕುಂತಿರ್ತೀನಿ. ಅಲ್ಲಿಂದ ವಾಜಂತ್ರಿ ಕೇಳಸ್ತದ."

ಗಾಟಾ-ತ್ರೀ ಇಲ್ಲ, ಟಿ-ಬೆಟ್ ಇಲ್ಲ, ವಾಡಿ ಇಲ್ಲ. ಅವರು ವಾದ ಮಾಡದೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಾಗಿಲಲ್ಲಿ ನಿಂತಿದ್ದ ವಾರಿ ಮಾತಾಡಿದಳು. "ಹಂಗಾದ್ರ ಕಾಕಾ, ನಾನೂ ಮಾಮಾನ ಜೋಡಿ ಅಡಗಿಮನಿ ಹಿಂದ ಕುಂದರ್ತೀನಿ. ಅಂತರಪಟ ಅಲ್ಲೇ ಹಿಡೀರಿ. ಗಂಡಿನವರಿಗೆ ಅಲ್ಲೇ ಬರ್ರಿ ಅಂತ ಹೇಳ್ರಿ."

ಕಾಕಾ ಅವಳ ಮುಖ ನೋಡಿದರು. ಹುಡುಗಿ ತಮಾಷೆ ಮಾಡುತ್ತಿಲ್ಲ. ಕೊನೆಗೆ ದಾರಿ ಹುಡುಕಿದವರೂ ಅವರೇ. ಮುಹೂರ್ತಕ್ಕೆ ವಾಜಂತ್ರಿ ಗಟ್ಟಿಯಾಗಿ ಬಾರಿಸುವುದೇ ಕೆಟ್ಟ ಸದ್ದು ಕಿವಿಗೆ ಬೀಳದಿರಲಿ ಎಂದಲ್ಲವೆ? ವಾಜಂತ್ರಿಯ ಮುಖ್ಯಸ್ಥನನ್ನು ಕರೆಸಿ, ಮಾಮಾನನ್ನು ತೋರಿಸಿ, "ಇವರ ಮೂಗಿನ ತುದಿ ನಡುಗಿತು ಅಂದ್ರ ಜೋರ ಬಾರಸ್ರಿ," ಎಂದರು.

ಅವನು ಮಾಮಾನ ಮೂಗನ್ನು ಹತ್ತಿರದಿಂದ ಪರೀಕ್ಷಿಸಿದ. "ಇಷ್ಟ ದಿನ ಮುಹೂರ್ತ ನೋಡಿ ಬಾರಸಿದ್ವಿರಿ. ಮೂಗ ನೋಡಿ ಬಾರಸೂದು ಇದೇ ಪೈಲಾ."

ಮದುವೆಯ ದಿನ ಬಂತು. ಅಂತರಪಟದ ಆ ಕಡೆ ಗಂಡು, ಈ ಕಡೆ ವಾರಿ, ಅವಳ ಹಿಂದೆ ಹೊಸ ಧೋತರ ಉಟ್ಟ ಮಾಮಾ. ಆಚಾರ್ಯರು ಮಂಗಳಾಷ್ಟಕ ಶುರು ಮಾಡಿದರು. ಜನ ಮದುಮಗಳನ್ನು ನೋಡುವುದು ಬಿಟ್ಟು ಮಾಮಾನ ಮೂಗು ನೋಡುತ್ತಿದ್ದರು. ಧೂಪದ ಹೊಗೆ ಆ ಕಡೆ ತಿರುಗಿತು. ಮೂಗಿನ ತುದಿ ನಡುಗಿತು. ಢಂ ಢಂ ಢಂ! ಸೀನು ಬರಲಿಲ್ಲ. ಆಚಾರ್ಯರು ಶ್ಲೋಕ ನಿಲ್ಲಿಸಿ, "ಇನ್ನೂ ಮುಹೂರ್ತ ಆಗಿಲ್ರೋ!" ಎಂದರು. ಮತ್ತೆ ಶ್ಲೋಕ. ಮಾಮಾ ಮೂಗಿನ ಮೇಲೆ ಕೂತ ನೊಣ ಓಡಿಸಿದರು. ಢಂ ಢಂ ಢಂ! ಯಾರೋ ಅವಸರದವರು ಇದೇ ಮುಹೂರ್ತವೆಂದು ಅಕ್ಷತೆ ಎಸೆದೇಬಿಟ್ಟರು.

ಕೊನೆಗೆ ನಿಜವಾದ ಮುಹೂರ್ತ ಬಂತು. ಅಂತರಪಟ ಸರಿಯಿತು, ಅಕ್ಷತೆ ಸುರಿಯಿತು, ವಾಜಂತ್ರಿ ಛಾವಣಿ ಹಾರಿಸುವಂತೆ ಮೊಳಗಿತು. ಮಾಮಾನ ಮೂಗು ಅಲುಗಲಿಲ್ಲ. ಕಾಕಾ ನಿಟ್ಟುಸಿರು ಬಿಟ್ಟರು. ವಾಜಂತ್ರಿಯವರು ಗೆದ್ದೆವೆಂದು ಬಾರಿಸುವುದು ನಿಲ್ಲಿಸಿ ಬೆವರು ಒರೆಸಿಕೊಂಡರು. ವಾರಿ ಹೂಮಾಲೆ ಎತ್ತಿದಳು.

ಆ ನಿಶ್ಶಬ್ದದಲ್ಲಿ ಮಾಮಾ ಸೀನಿದರು.

ಒಂದೇ.

ಮಾಲೆ ಗಂಡಿನ ಕೊರಳಿನ ಮುಂದೆ ಗಾಳಿಯಲ್ಲೇ ನಿಂತಿತು. ಬೀಗತಿಯ ಮುಖದ ಬಣ್ಣ ಹೋಯಿತು. ಕಾಕಾ ಕಣ್ಣು ಮುಚ್ಚಿಕೊಂಡರು. ಮಾಮಾ ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಹೆಜ್ಜೆ ಸರಿದರು. ಅಡುಗೆಮನೆಯ ಬಾಗಿಲು ಎಲ್ಲಿದೆ ಎಂದು ಅವರ ಕಣ್ಣು ಹುಡುಕುತ್ತಿತ್ತು.

ವಾರಿ ಮಾಲೆ ಹಿಡಿದಂತೆಯೇ ತಲೆ ಬಗ್ಗಿಸಿ, ಬಾಸಿಂಗ ಅಲುಗುವಂತೆ ಸೀನಿದಳು.

ಆಚಾರ್ಯರು ಕ್ಷಣ ಕೂಡ ತಡಮಾಡಲಿಲ್ಲ. "ಜೋಡಿ! ಶುಭಂ!" ಎಂದು ಕೂಗಿದರು. ಬೀಗತಿಯ ಮುಖಕ್ಕೆ ಬಣ್ಣ ಮರಳಿತು. "ಸ್ವಾದರಮಾವಂದೊಂದು, ಸ್ವಾದರಸೊಸೀದೊಂದು! ಭಾಳ ಛಲೋ ಶಕುನರೀ," ಎಂದು ಅವರೇ ಪಕ್ಕದವರಿಗೆ ಹೇಳಿದರು. ವಾಜಂತ್ರಿ ಮತ್ತೆ ಮೊಳಗಿತು. ಮಾಲೆ ಬಿತ್ತು.

ಊಟಕ್ಕೆ ಮಾಮಾ ವಾರಿಯ ಎದುರು ಕೂತರು. ಅವಳ ಮೂಗನ್ನೇ ನೋಡುತ್ತ, "ಯಾವಾಗಿನಿಂದ ಅಲರ್ಜಿ?" ಎಂದು ಕೇಳಿದರು.

"ಈಗಿನಿಂದ, ಮಾಮಾ," ಎಂದಳು.

ಮಾಮಾ ಅನ್ನ ಕಲಸಿದರು. ಆ ದಿನ ಅವರು ಗಾಟಾ-ತ್ರೀ ಹೆಸರು ಎತ್ತಲಿಲ್ಲ.

ವಾರಿಜಾ ಶಹಾಬಾದದಲ್ಲಿದ್ದಾಳೆ. ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಫರಸಿ ಕತ್ತರಿಸುವ ಯಂತ್ರಗಳಿವೆ. ಒಣಹಾಕಿದ ಬಟ್ಟೆಯ ಮೇಲೆ, ತುಳಸಿಕಟ್ಟೆಯ ಮೇಲೆ ದಿನವಿಡೀ ಬಿಳಿ ಪುಡಿ ಕೂಡುತ್ತದೆ. ಹೋದ ತಿಂಗಳು ಅವಳ ಅತ್ತೆಯ ಜೊತೆ ಫೋನಿನಲ್ಲಿ ಮಾತಾಡಿದೆ. ಮದುವೆಯ ದಿನ ಬಿಟ್ಟರೆ ಸೊಸೆ ಸೀನಿದ್ದನ್ನು ತಾವು ಕೇಳಿಲ್ಲ ಎಂದು ಅವರು ಹೇಳಿದರು.